ಮೂರನೇ ಪಾಠದ ಕಾಕಾ

ನಮ್ಮ ಡ್ರೋನ್ ಕೋರ್ಸಿನ ಮೂರನೇ ಪಾಠದಲ್ಲಿ ಒಬ್ಬರು ಜಾಲಿಕಂಟಿಯ ಮರೆಯಲ್ಲಿ ಮಲಗಿರುತ್ತಾರೆ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಬಣ್ಣ ಹಚ್ಚಿ ಕರ್ರಗೆ ಮಾಡಿದ ಮೀಸೆ. ಡ್ರೋನು ತಲೆಯ ಮೇಲೆ ಬಂದು ನಿಂತಾಗ ಎದ್ದು ಕೂತು, ಬೆನ್ನಿಗೆ ಅಂಟಿದ ಹುಲ್ಲು ಕೊಡವಿಕೊಂಡು ನಗುತ್ತಾರೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ಊರುಗಳ ಕಾವಲುಗಾರರು ತಮ್ಮ ಫೋನಿನಲ್ಲಿ ಆ ನಗುವನ್ನು ನೋಡಿದ್ದಾರೆ. ನಕ್ಕ ಮನುಷ್ಯ ಈಗಿಲ್ಲ ಎಂಬುದು ನೋಡಿದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಭೀಮಾ ಹೊಳೆ ಅವರನ್ನು ತೆಗೆದುಕೊಂಡು ಹೋಯಿತು. ಹುಡುಕಲು ಹೋದವರಲ್ಲಿ ನಾನೂ ಇದ್ದೆ.

ನಾನು ಆಳಂದದವಳು. ನನ್ನ ಅಪ್ಪ ಇಲ್ಲಿನ ಬಜಾರಿನಲ್ಲಿ ತೊಗರಿ ಚೀಲ ಹೊರುತ್ತಿದ್ದ ಹಮಾಲಿ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದಳು. ನಾನು ಕಂಪ್ಯೂಟರ್ ಕಲಿತು, ಕೆಲವು ವರ್ಷ ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಿ, ಆಮೇಲೆ ಪುಣೆಯ ಒಂದು ತರಬೇತಿ ಸಂಸ್ಥೆಗೆ ಸೇರಿದೆ. ಮನೆಯಿಂದಲೇ ಕೆಲಸ ಮಾಡಬಹುದು ಎಂದಾಗ ಆಳಂದಕ್ಕೆ ಮರಳಿ ಬಂದೆ. ಅಪ್ಪ ಆಗಲೇ ತೀರಿಹೋಗಿದ್ದ. ಮಾಳಿಗೆಯ ಮೇಲಿನ ಸಣ್ಣ ಕೋಣೆ, ಗೋಡೆಗೆ ಬುದ್ಧನ ಒಂದು ಫೋಟೋ, ಕಿಟಕಿಯಾಚೆ ಬಸ್ ಸ್ಟ್ಯಾಂಡಿನ ಗದ್ದಲ. ಅಲ್ಲಿ ಕೂತು ನಾನು ಕಾವಲು ಕಾಯುವವರಿಗಾಗಿ ಕನ್ನಡದಲ್ಲಿ, ಮರಾಠಿಯಲ್ಲಿ ಆನ್‌ಲೈನ್ ಪಾಠಗಳನ್ನು ಕಟ್ಟುತ್ತೇನೆ. ಮುಖ ಗುರುತಿಸುವ ಕ್ಯಾಮೆರಾ, ಸಾಹೇಬರ ದನಿಯನ್ನೇ ನಕಲು ಮಾಡಿ ಫೋನಿನಲ್ಲಿ ಗೇಟು ತೆಗೆಯಲು ಹೇಳುವ ಮೋಸ, ಕಂಪೌಂಡಿನ ಮೇಲೆ ಹಾರಿಬರುವ ಯಾರದೋ ಡ್ರೋನು, ಹೀಗೆ ಹೊಸದಾಗಿ ಬಂದದ್ದೆಲ್ಲ ನಮ್ಮ ವಿಷಯ. ಓಣಿಯವರು ನಿನ್ನ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ಅವ್ವನ ಉತ್ತರ ಒಂದೇ: "ವಾಚ್‌ಮನ್ ಮಂದಿಗಿ ಫೋನಿನ್ಯಾಗ ಸಾಲಿ ಕಲಸ್ತಾಳ."

ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಾ ಪಾಠ ನೋಡುವವರು. ಆದ್ದರಿಂದ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿಗಿಂತ ಪಾಠ ದೊಡ್ಡದಾಗಬಾರದು. ಮಾತು ಅವರ ಮಾತಿಗೆ ಹತ್ತಿರ ಇರಬೇಕು. ಎಲ್ಲಿ ಚಿತ್ರ, ಎಲ್ಲಿ ಮಾತು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು ಎಂದು ಕಾಗದದ ಮೇಲೆ ಚೌಕ ಚೌಕವಾಗಿ ಬರೆದುಕೊಳ್ಳುವುದು ನನ್ನ ಕೆಲಸ.

ಡ್ರೋನ್ ಕೋರ್ಸು ಬಂದಾಗ ಪುಣೆಯವರು ಯಾವುದೋ ಪರದೇಶದ ವಿಡಿಯೋ ತುಣುಕುಗಳನ್ನು ಕೊಂಡು ಕಳಿಸಿದರು. ಹಿಮ ಬಿದ್ದ ಬೆಟ್ಟ, ಕೆಂಪು ಜಾಕೀಟು ತೊಟ್ಟವರು. ನಮ್ಮ ಕಡೆಯ ಕಾವಲುಗಾರ ಅದರಲ್ಲಿ ತನ್ನನ್ನು ಎಲ್ಲಿ ಕಾಣಬೇಕು? ಇಲ್ಲೇ ಚಿತ್ರೀಕರಣ ಮಾಡೋಣ ಎಂದು ನಾನು ಹಟ ಹಿಡಿದೆ. ಅವರು ಒಪ್ಪಿ, ಥರ್ಮಲ್ ಕ್ಯಾಮೆರಾ ಇದ್ದ ಒಂದು ಡ್ರೋನನ್ನು ಕರಿ ಪೆಟ್ಟಿಗೆಯಲ್ಲಿಟ್ಟು ಆಳಂದಕ್ಕೇ ಕಳಿಸಿದರು. ಧೂಳು ಕೂರದಿರಲಿ ಎಂದು ಅವ್ವ ಆ ಪೆಟ್ಟಿಗೆಗೆ ತನ್ನ ಹಳೆಯ ಸೀರೆ ಹೊದಿಸಿದಳು.

ಹಾರಿಸುವವರು ಬೇಕಿತ್ತು. ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಮಹಿಳಾ ಸಂಘದಿಂದ ತರಬೇತಿ ಪಡೆದು ತೊಗರಿ ಹೊಲಗಳಿಗೆ ಡ್ರೋನಿನಿಂದ ಔಷಧ ಹೊಡೆಯುತ್ತಾಳೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆ. ಒಕ್ಕಲುತನದ ಮನೆಯ ಮಗಳು, ಮಾತು ಕಡಿಮೆ, ಕೈ ಮಾತ್ರ ಬಹಳ ಸ್ಥಿರ. ಡ್ರೋನ್ ಮೇಲೇಳುವಾಗ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು, ಅದು ನೆಟ್ಟಗಾದ ಮೇಲೆ ಬಿಡುತ್ತಿದ್ದಳು. ಮೊದಲ ದಿನವೇ ನನ್ನನ್ನು ಅಕ್ಕಾ ಎಂದಳು. ಒಡಹುಟ್ಟಿದವರಿಲ್ಲದ ನನಗೆ ಆ ಕರೆ ಹಿತವಾಯಿತು. ಆಮೇಲಿನ ತಿಂಗಳುಗಳಲ್ಲಿ ಅವಳು ನಮ್ಮ ಮನೆಗೆ ಬಂದು ಉಂಡು ಹೋಗುವುದು, ನಾನು ಅವರ ಹೊಲದಲ್ಲಿ ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೋಗುವುದು ರೂಢಿಯಾಯಿತು.

ಜಾಗವನ್ನು ಅವಳೇ ಹುಡುಕಿದಳು. ಅಫಜಲಪುರ ತಾಲೂಕಿನಲ್ಲಿ, ಸೊನ್ನ ಬ್ಯಾರೇಜಿನಿಂದ ಕೆಳಗೆ, ಹೊಳೆದಂಡೆಯ ಮೇಲೆ ಒಂದು ಪಂಪ್‌ಹೌಸ್ ಇದೆ. ಅಲ್ಲಿಂದ ಊರುಗಳಿಗೆ ನೀರು ಹೋಗುತ್ತದೆ. ಸುತ್ತ ಜಾಲಿಕಂಟಿ, ಮುಂದೆ ಹೊಳೆ. ಅಲ್ಲಿನ ಕಾವಲುಗಾರ ನಮ್ಮ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು. ಪಾಠಗಳನ್ನು ಎಲ್ಲರಿಗೂ ಬಿಡುವ ಮೊದಲು ಕೆಲವರಿಗೆ ಮಾತ್ರ ತೋರಿಸಿ ಎಲ್ಲಿ ತೊಡಕಾಗುತ್ತದೆ ಎಂದು ನೋಡುತ್ತೇವೆ. ಅಂಥ ಕೆಲವರಲ್ಲಿ ಅವರ ಹೆಸರೂ ಇತ್ತು. ವಯಸ್ಸು ಐವತ್ತು ದಾಟಿರಬೇಕು. ನಾವಿಬ್ಬರೂ ಅವರನ್ನು ಕಾಕಾ ಎಂದೆವು.

ಕಾಕಾ ಬಹಳ ಜಾಣ ವಿದ್ಯಾರ್ಥಿಯೇನಲ್ಲ. ಎರಡನೇ ಪಾಠದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ನಪಾಸಾಗಿ ನನಗೆ ಫೋನ್ ಮಾಡಿದ್ದರು.

"ಮೇಡಂರಿ, ಈ ಫೋನ್ ನನ್ ಮ್ಯಾಲ ಸಿಟ್ಟಾಗ್ಯದರಿ. ಏನ್ ಒತ್ತಿದ್ರೂ ಕೆಂಪ್ ಬರಾಕತ್ತದ."

"ಪಾಠ ಪೂರಾ ನೋಡಿರೇನ್ರಿ ಕಾಕಾ?"

"ನೋಡೇನ್ರಿ. ನಡುವ ಸ್ವಲ್ಪ ಕಣ್ ಹತ್ತಿತ್ತು."

ಚಿತ್ರೀಕರಣಕ್ಕೆ ಹೋದದ್ದು ಚಳಿಗಾಲದ ಒಂದು ಮುಂಜಾನೆ. ಅದಕ್ಕೂ ಕಾರಣವಿತ್ತು. ಥರ್ಮಲ್ ಕ್ಯಾಮೆರಾ ಬೆಳಕನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಬೆಚ್ಚಗಿನದು ಪರದೆಯ ಮೇಲೆ ಬೆಳ್ಳಗೆ, ತಣ್ಣಗಿನದು ಕರ್ರಗೆ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲೂ ಮನುಷ್ಯನೂ ಒಂದೇ ಬಣ್ಣ. ಚಳಿಯಲ್ಲಾದರೆ ಮನುಷ್ಯ ಕಂಟಿಯೊಳಗೆ ಇಟ್ಟ ದೀಪದ ಹಾಗೆ ಕಾಣುತ್ತಾನೆ. ಕಳೆದುಹೋದವರನ್ನು ಹುಡುಕುವುದು ಹೇಗೆ ಎಂಬುದು ಆ ಪಾಠದ ವಿಷಯ. ಕಳೆದುಹೋದವರಾಗಿ ಯಾರಾದರೂ ಮಲಗಬೇಕಿತ್ತು.

"ಕಾಕಾ, ಆ ಕಂಟ್ಯಾಗ ಹೋಗಿ ಮಲಗ್ರಿ, ಸಾಕು. ಮಾತಾಡೋದೇನಿಲ್ರಿ," ಎಂದೆ.

ಅವರು ನನ್ನನ್ನೂ ಕ್ಯಾಮೆರಾವನ್ನೂ ಅನುಮಾನದಿಂದ ನೋಡಿದರು. "ಡ್ಯೂಟಿ ಮ್ಯಾಲ ಮಲಗಿದ್ದು ವಿಡಿಯೋ ಮಾಡಿ ಸಾಹೇಬ್ರಿಗೆ ಕಳಸ್ತೀರೇನ್ರಿ?"

ಕೊಳಕೂರಿನ ಹುಡುಗಿ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೊನೆಗೆ ಕಾಕಾ ಮಲಗಿದರು. ಮಲಗಿದ ಮೇಲೆ ಎಬ್ಬಿಸುವುದೇ ಕಷ್ಟವಾಯಿತು. ಇನ್ನೊಂದು ಕಂಟಿಯಲ್ಲಿ ಮಲಗಲೇ, ಬೋರಲು ಮಲಗಲೇ, ನರಳುವ ಹಾಗೆ ಮಾಡಲೇ ಎಂದು ತಾವೇ ಕೇಳಿದರು. ಪರದೆಯ ಮೇಲೆ ತಮ್ಮ ಬಿಳಿ ಆಕಾರ ನೋಡಿ, "ಏ, ನಾ ಇಷ್ಟ್ ಬೆಳ್ಳಗ ಅದೀನೇನು? ನಮ್ಮಾಕಿಗೆ ತೋರಸ್ಬೇಕು," ಎಂದರು. ನಗುತ್ತಾ ಎದ್ದು ಕೂತ ದೃಶ್ಯ ನಾನು ಬರೆದುಕೊಂಡ ಚೌಕಗಳಲ್ಲಿ ಇರಲಿಲ್ಲ. ಆದರೂ ಅದನ್ನೇ ಉಳಿಸಿಕೊಂಡೆ.

ಅಂತೂ ಎಲ್ಲ ಪಾಠ ಮುಗಿಸಿ ಅವರು ಪಾಸಾದರು. ಆ ಸರ್ಟಿಫಿಕೇಟನ್ನು ಅಫಜಲಪುರದಲ್ಲಿ ಕಟ್ಟು ಹಾಕಿಸಿ ಪಂಪ್‌ಹೌಸಿನ ಗೋಡೆಗೆ ತೂಗುಹಾಕಿದ್ದರು. ಬಂದವರಿಗೆಲ್ಲ ನಮ್ಮ ಡ್ರೋನು, ನಮ್ಮ ಮೇಡಂ ಎಂದು ಹೇಳಿಕೊಳ್ಳುತ್ತಿದ್ದರಂತೆ. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಮಾತಿನ ಕೊನೆಗೆ, ಮುಂದಿನ ಕೋರ್ಸು ಯಾವಾಗ್ರಿ, ನನಗೇನು ಪಾರ್ಟ್ ಕೊಡ್ತೀರಿ ಎಂದು ಕೇಳದೆ ಇಡುತ್ತಿರಲಿಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಹೆಚ್ಚು ಮಳೆ ಇರದಿದ್ದರೂ ಹೊಳೆ ಬರುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ ಸುರಿದದ್ದು ಭೀಮೆಯಲ್ಲಿ ಹರಿದು ಇಲ್ಲಿ ತುಂಬುತ್ತದೆ. ಹೊಳೆದಂಡೆಯ ರೈತರಿಗೆ ಅದು ಹೊಸದಲ್ಲ. ನೀರು ಬರುವ ಸುದ್ದಿ ಬಂದರೆ ದಂಡೆಯ ಮೋಟರು ಬಿಚ್ಚಿ ಮೇಲೆ ತರುತ್ತಾರೆ, ದನ ಬಿಚ್ಚುತ್ತಾರೆ. ಆ ಸಲವೂ ಎಲ್ಲರೂ ಅದನ್ನೇ ಮಾಡಿದರು. ಪಂಪ್‌ಹೌಸಿನ ಪಕ್ಕದ ಹೊಲದವನ ಎರಡು ಎಮ್ಮೆ ಮಾತ್ರ ಕೆಳಗೆ ಗೂಟಕ್ಕೇ ಇದ್ದವು. ಆ ರೈತ ಮಗಳ ಹೆರಿಗೆಗೆಂದು ಕಲಬುರಗಿಗೆ ಹೋಗಿದ್ದ. ಕಾಕಾ ಮೇಲಿನಿಂದ ನೋಡಿದರು. ಇಳಿದು ಹೋದರು. ಒಂದು ಎಮ್ಮೆ ಬಿಚ್ಚಿದ್ದನ್ನು, ಇನ್ನೊಂದರ ಹಗ್ಗಕ್ಕೆ ಕೈ ಹಾಕಿದ್ದನ್ನು ಆಚೆ ದಂಡೆಯಲ್ಲಿ ಮೋಟರು ಎಳೆಯುತ್ತಿದ್ದವರು ನೋಡಿದರಂತೆ. ಕೂಗಿದರಂತೆ. ನೀರಿನ ಸಪ್ಪಳದಲ್ಲಿ ಅದು ಕಾಕಾಗೆ ಕೇಳಿಸಲಿಲ್ಲ. ದಂಡೆಯ ಮಣ್ಣು ಗೂಟದ ಸಮೇತ ಕುಸಿಯಿತು. ಎಮ್ಮೆಗಳು ಎರಡೂ ಈಜಿಕೊಂಡು ಕೆಳಗೆಲ್ಲೋ ದಂಡೆ ಹತ್ತಿದವು. ಕಾಕಾಗೆ ಈಜು ಬರುತ್ತಿರಲಿಲ್ಲ.

ಸುದ್ದಿ ಹೇಳಿದ್ದು ಕೊಳಕೂರಿನ ಹುಡುಗಿ.

"ಅಕ್ಕಾ, ಕಾಕಾ ಹೊಳ್ಯಾಗ ಹೋಗ್ಯಾರಂತ. ಪೊಲೀಸ್ರು ನನಗ ಫೋನ್ ಮಾಡಿದ್ರು. ಡ್ರೋನ್ ತಗೊಂಡು ಬರ್ರಿ ಅಂದಾರ. ನಂದು ಔಷಧ ಹೊಡಿಯೂದು, ಅದರಾಗೇನ್ ಕಾಣತದ? ನಿಮ್ಮನ್ಯಾಗಿಂದು ತರ್ತೀರೇನು?"

ಅವ್ವ ಪೆಟ್ಟಿಗೆಯ ಮೇಲಿನ ಸೀರೆ ತೆಗೆದಳು. ಬಾಡಿಗೆಯ ಜೀಪಿನಲ್ಲಿ ನಾನು ಅಫಜಲಪುರದ ದಾರಿ ಹಿಡಿದೆ. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ. ಯಾವುದಾದರೂ ಜಾಲಿಯ ಟೊಂಗೆ ಸಿಕ್ಕಿರಬಹುದು, ಎಲ್ಲೋ ನಡುಗಡ್ಡೆಯಲ್ಲಿ ಒದ್ದೆಯಾಗಿ ಕೂತಿರಬಹುದು, ನಾವು ಹೋದರೆ "ನೋಡ್ರಿ ಮೇಡಂರಿ, ಖರೇನ ಕಳದ್ ಹೋದ್ನಿ" ಎನ್ನಬಹುದು.

ಹೊಳೆ ನೋಡಿದ ಮೇಲೆ ಆ ಮಾತು ನಿಂತಿತು. ನಾವು ಚಿತ್ರೀಕರಣ ಮಾಡಿದ ಜಾಗ ನೀರೊಳಗಿತ್ತು. ಕೆಂಪು ನೀರು, ಅದರ ಮೇಲೆ ಬುಡಸಮೇತ ಕಿತ್ತುಬಂದ ಕಂಟಿಗಳು, ಯಾರದೋ ಮನೆಯ ಪ್ಲಾಸ್ಟಿಕ್ ಕೊಡ. ಅಗ್ನಿಶಾಮಕದವರ ದೋಣಿ ದಂಡೆಗೆ ಕಟ್ಟಿತ್ತು. ಸೆಳವು ಇಳಿಯದೆ ಇಳಿಸುವ ಹಾಗಿಲ್ಲ ಎಂದರು. ಹುಡುಗಿ ಅಣ್ಣನ ಬೈಕಿನಲ್ಲಿ ನನಗಿಂತ ಮೊದಲೇ ಬಂದಿದ್ದಳು. ಮೋಡ ಕವಿದು ತಂಪಾಗಿತ್ತು. ಮಳೆ ಬಿಟ್ಟಿತ್ತು. ಥರ್ಮಲ್ ಕ್ಯಾಮೆರಾಕ್ಕೆ ಅದು ಒಳ್ಳೆಯ ಹವೆ. ಪಾಠದಲ್ಲಿ ನಾನೇ ಹಾಗೆ ಬರೆದಿದ್ದೆ.

ಡ್ರೋನು ಮೇಲೇರಿತು. ದಂಡೆಯ ಒಂದು ಕಲ್ಲಿನ ಮೇಲೆ ಪರದೆ ಇಟ್ಟುಕೊಂಡು ನಾನು ನೋಡುತ್ತಾ ಕೂತೆ. ಬೆಚ್ಚಗಿನ ಜೀವಗಳು ಎಷ್ಟೊಂದು! ಗುಡ್ಡದ ಮೇಲೆ ನಿಂತ ದನ, ಮರದ ಮೇಲೆ ಮುದುಡಿ ಕೂತ ಮಂಗ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಒಂದು ನಾಯಿ. ಬಿಳಿ ಚುಕ್ಕೆ ಕಂಡಾಗಲೆಲ್ಲ ಹುಡುಗಿ ಕೆಳಗಿಳಿಸುತ್ತಿದ್ದಳು. ನಾನು ಬೇಡವೆಂದು ತಲೆಯಾಡಿಸುತ್ತಿದ್ದೆ. ಬ್ಯಾಟರಿ ಮುಗಿದರೆ ಇಳಿಸುವುದು, ಜೀಪಿನಿಂದ ಚಾರ್ಜು ಮಾಡಿದ್ದನ್ನು ಹಾಕುವುದು, ಮತ್ತೆ ಏರಿಸುವುದು.

ಕಾಕಾನ ಹೆಂಡತಿ ಯಾವಾಗ ಬಂದಳೋ ಗೊತ್ತಾಗಲಿಲ್ಲ. ಹಿಂದೆ ನಿಂತ ಗುಂಪಿನಿಂದ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕುಕ್ಕುರುಗಾಲಲ್ಲಿ ಕೂತಳು. ತಲೆಯ ಮೇಲಿನ ಸೆರಗು ತೊಯ್ದಿತ್ತು. ಯಾರೋ "ಅವ್ರ ಮನೀಯಾಕಿ" ಎಂದರು. ಆಕೆ ಅಳುತ್ತಿರಲಿಲ್ಲ. ಪರದೆಯನ್ನೇ ನೋಡಿದಳು.

"ಅದೇನದ ಯವ್ವಾ, ಬೆಳ್ಳಗ ಕಾಣತದಲ್ಲ?"

"ಅದು ನಾಯಿರಿ ಕಾಕಿ."

"ಜೀವ ಇದ್ದದ್ದು ಬೆಳ್ಳಗ ಕಾಣತದ ಅಂತ ನಮ್ಮವರು ಹೇಳ್ತಿದ್ರು. ನಾನೂ ಬೆಳ್ಳಗ ಕಂಡೇನಿ ಅಂತ ಮನ್ಯಾಗ ಹೇಳಿ ನಗತಿದ್ರು." ಪರದೆಯತ್ತ ಇನ್ನಷ್ಟು ಬಗ್ಗಿ ಕೇಳಿದಳು, "ಈಗೂ ಬೆಳ್ಳಗ ಕಾಣ್ತಾರೇನು?"

ತಣ್ಣಗಾದ ದೇಹವನ್ನು ಥರ್ಮಲ್ ಕ್ಯಾಮೆರಾ ತೋರಿಸುವುದಿಲ್ಲ, ಆಗ ಸಾದಾ ಕ್ಯಾಮೆರಾ ಬಳಸಬೇಕು. ಇದು ಮೂರನೇ ಪಾಠದಲ್ಲಿ ನಾನು ಬರೆದ ವಾಕ್ಯ. ಓದುವವರಿಗೆ ತಿಳಿಯಬೇಕೆಂದು ಎರಡು ಸಲ ತಿದ್ದಿ ಸಣ್ಣದು ಮಾಡಿದ ವಾಕ್ಯ.

"ಹೌದ್ರಿ ಕಾಕಿ, ಕಾಣ್ತಾರ," ಎಂದೆ.

ಹುಡುಗಿ ನನ್ನತ್ತ ತಿರುಗಲಿಲ್ಲ. ಇನ್ನೂ ಸ್ವಲ್ಪ ದೂರ ಹಾಗೆಯೇ ಹಾರಿಸಿದಳು. ಮಧ್ಯಾಹ್ನ ಕಳೆದಿತ್ತು. ಆಮೇಲೆ ಒಂದು ಗುಂಡಿ ಒತ್ತಿದಳು. ಪರದೆಯ ಕಪ್ಪುಬಿಳುಪು ಹೋಗಿ ಕೆಂಪು ನೀರು, ಹಸಿರು ಕಂಟಿ ಎದ್ದವು. ಥರ್ಮಲ್ ಬಿಟ್ಟು ಸಾದಾ ಕ್ಯಾಮೆರಾಕ್ಕೆ ಬಂದಿದ್ದಳು. ಈಗ ಹುಡುಕುತ್ತಿರುವುದು ಏನನ್ನು ಎಂದು ಅವಳಿಗೂ ನನಗೂ ಗೊತ್ತಿತ್ತು. ಕಾಕಿಗೆ ಪಾಠ ಗೊತ್ತಿರಲಿಲ್ಲ. ಆದರೆ ಬಣ್ಣ ಬದಲಾದದ್ದನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮಣ್ಣಿನ ಮೇಲೆ ಕೈಯೂರಿ ಪೂರ್ತಿ ಕೂತುಬಿಟ್ಟಳು.

ಅಂದು ಸಿಗಲಿಲ್ಲ. ಮರುದಿನ ನೀರು ಇಳಿಯತೊಡಗಿದಾಗ, ಹೊಳೆ ತಿರುಗುವ ಕಡೆ, ಕೊಚ್ಚಿಬಂದ ಕಂಟಿಗಳು ಒಟ್ಟಿಕೊಂಡಿದ್ದಲ್ಲಿ ಹುಡುಗಿಗೆ ಖಾಕಿ ಬಣ್ಣ ಕಂಡಿತು. ಡ್ರೋನನ್ನು ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿದ್ದ ಪೊಲೀಸಿನವರಿಗೆ ಕಣ್ಣಿನಲ್ಲೇ ತೋರಿಸಿದಳು. ನಾನು ಕಾಕಿಗೆ ಅಡ್ಡವಾಗಿ ನಿಂತೆ. ದೋಣಿ ಹೋಯಿತು. ದೋಣಿಗೆ ದಾರಿ ತೋರಿಸಲು ಡ್ರೋನು ಕಾಕಾನ ಮೇಲೆಯೇ ನಿಲ್ಲಬೇಕಿತ್ತು. ಅಷ್ಟು ಹೊತ್ತೂ ಅವಳು ಪರದೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಕೈ ಮಾತ್ರ ಎಂದಿನಂತೆ ಸ್ಥಿರ. ಇಳಿಸಿದ ಮೇಲೆ ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ನಾನು ನೀರು ಕೊಟ್ಟೆ.

"ಅಕ್ಕಾ, ಸೀಟಿ ಇನ್ನಾ ಕೊಳ್ಳಾಗ ಇತ್ತು," ಎಂದಳು.

ಹುಡುಕಾಟದ ರೆಕಾರ್ಡಿಂಗ್ ನಮ್ಮ ಬಳಿ ಉಳಿಯಿತು. ಪೊಲೀಸರು ತಮಗೆ ಬೇಕಾದ ಪ್ರತಿ ತೆಗೆದುಕೊಂಡಿದ್ದರು. ಪುಣೆಯ ನಮ್ಮ ಮುಖ್ಯಸ್ಥೆಗೆ ವಿಷಯ ತಿಳಿದಾಗ ಅವರು ಫೋನಿನಲ್ಲಿ ಅತ್ತರು. ಕಾಕಾನ ಆ ನಗುವನ್ನು ಆರಿಸಿಕೊಂಡದ್ದನ್ನು ಮೆಚ್ಚಿದ್ದವರಲ್ಲಿ ಅವರೂ ಒಬ್ಬರು. ಕೆಲವು ದಿನ ಬಿಟ್ಟು ಮತ್ತೆ ಮಾತಾಡಿದರು. ನಿಜವಾದ ಹುಡುಕಾಟದ ಚಿತ್ರ ಎಲ್ಲೂ ಸಿಗುವುದಿಲ್ಲ, ಇದನ್ನು ಪಾಠದಲ್ಲಿ ಸೇರಿಸಿದರೆ ಮುಂದೆ ಯಾರಾದರೂ ಒಬ್ಬರನ್ನು ಬೇಗ ಹುಡುಕಿ ಉಳಿಸಬಹುದಲ್ಲವೇ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅದರಲ್ಲಿ ನ್ಯಾಯವೂ ಇತ್ತು. ಮನೆಯವರನ್ನು ಕೇಳದೆ ಮಾತ್ರ ಆಗುವುದಿಲ್ಲ ಎಂದೆ. ಅವರು ಕೂಡಲೇ ಒಪ್ಪಿದರು.

ಕೇಳಲು ನಾನೇ ಹೋದೆ. ದಿನಕರ್ಮ ಎಲ್ಲ ಮುಗಿದಿತ್ತು. ಹುಡುಗಿಯನ್ನು ಕರೆದಿದ್ದೆ, ಬರಲಿಲ್ಲ. ಕಾಕಿಯ ಮನೆ ಊರ ಹೊರಗಿನ ಎರಡು ಖೋಲಿಗಳ ಮನೆ. ನಾನು ಹೋದಾಗ ಬಾಗಿಲಲ್ಲಿ ಒಬ್ಬ ರೈತ ಹಾಲಿನ ತಂಬಿಗೆ ಹಿಡಿದು ನಿಂತಿದ್ದ. ಒಳಗೆ ಬರಲಿಲ್ಲ. ಕಾಕಿ ತಂಬಿಗೆ ತೆಗೆದುಕೊಂಡು ಹಾಲು ಸುರುವಿ, ತೊಳೆದು ಮರಳಿ ಕೊಟ್ಟಳು. ಅವನು ತಲೆ ಬಗ್ಗಿಸಿಕೊಂಡು ಹೋದ.

"ಎಮ್ಮೀಯಾಂವ," ಎಂದಳು ಕಾಕಿ. "ದಿನಾ ಮುಂಜಾನಿ ತರ್ತಾನ. ಮದಲ್ ನಾ ಬ್ಯಾಡ ಅಂದ್ನಿ. ಹೊಸ್ತಿಲದಾಗ ಇಟ್ಟು ಹೋಗ್ತಿದ್ದ. ಬೆಕ್ಕ ಕುಡೀತಿತ್ತು. ನಮ್ಮವರು ಯಾವ ಎಮ್ಮಿ ಸಲುವಾಗಿ ಹೋದ್ರು, ಅದರ ಹಾಲು ಹ್ಯಾಂಗ್ ಕುಡೀಲಿ ಯವ್ವಾ? ಆಮ್ಯಾಲ ಅಂದ್ಕೊಂಡ್ನಿ, ಎಮ್ಮಿ ಏನ್ ತಪ್ ಮಾಡ್ಯದ? ಆ ಮನಿಶ್ಯಾ ತಾನ ಏನ್ ತಪ್ ಮಾಡ್ಯಾನ? ನಾ ತಗೊಳ್ಳಿಲ್ಲಂದ್ರ ಅವ್ನಿಗಿ ನಿದ್ದಿ ಬರೂದಿಲ್ಲ."

ಆ ಹಾಲಿನಲ್ಲಿಯೇ ಚಹಾ ಮಾಡಿ ಕೊಟ್ಟಳು. ಕುಡಿದೆ.

ಆಮೇಲೆ ಬಂದ ಕಾರಣ ಹೇಳಿದೆ. ಆಗುವಷ್ಟು ಮೆತ್ತಗೆ ಹೇಳಿದೆ, ಆದರೆ ಅಂಥ ಮಾತನ್ನು ಮೆತ್ತಗೆ ಹೇಳುವ ದಾರಿ ಇಲ್ಲ. ಕಾಕಿ ಪೂರ್ತಿ ಕೇಳಿಸಿಕೊಂಡಳು.

"ಅದು ಬ್ಯಾಡ," ಎಂದಳು. "ಹಂಗ ಬಿದ್ದಾಂವ ನಮ್ಮವ ಅಲ್ಲ. ಮಂದಿ ಅದನ್ನ ನೋಡಬಾರ್ದು. ಇನ್ನೊಂದು ಅದ ಅಲ್ಲ, ನಕ್ಕೋತ ಏಳೂದು? ಅದನ್ನ ನಾ ನೋಡೇ ಇಲ್ಲ. ನನ್ ಹಂತೇಕ ಸಾದಾ ಫೋನ್ ಅದ. ತೋರಸ್ತೇನಿ ತೋರಸ್ತೇನಿ ಅಂತಿದ್ರು."

ನನ್ನ ಫೋನಿನಲ್ಲಿ ಮೂರನೇ ಪಾಠ ಹಾಕಿ ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ, ತುಂಬಿದ ಬಟ್ಟಲು ಹಿಡಿದ ಹಾಗೆ ಹಿಡಿದಳು. ನನ್ನದೇ ದನಿ ಪಾಠ ಹೇಳತೊಡಗಿತು. ಕಂಟಿ ಬಂತು, ಬಿಳಿ ಆಕಾರ ಬಂತು, ಬಣ್ಣ ಬಂತು, ಕಾಕಾ ಎದ್ದು ಕೂತರು. ಕಾಕಿಗೆ ತಡೆಯಲಾಗಲಿಲ್ಲ. ಬೆರಳಿನಿಂದ ಆ ಮುಖ ಮುಟ್ಟಿದಳು. ಮುಟ್ಟಿದ್ದೇ ವಿಡಿಯೋ ನಿಂತಿತು.

"ಯವ್ವಾ, ನಿಂತ್ ಬಿಟ್ರಲ್ಲ! ನಾ ಏನರ ಕೆಡಿಸಿದ್ನೇನು?"

"ಇಲ್ರಿ ಕಾಕಿ, ಏನೂ ಆಗಿಲ್ರಿ. ಮತ್ತ ಮುಟ್ರಿ, ನಡೀತದ."

ಆಕೆ ಮುಟ್ಟಲಿಲ್ಲ. ಅರ್ಧ ನಗುವಿನಲ್ಲಿ ನಿಂತ ಆ ಮುಖವನ್ನು ನೋಡುತ್ತಾ ಕೂತಳು. ಅಲ್ಲಿಯವರೆಗೆ ನಾನು ಕಂಡಿರದ ಅಳು ಆಗ ಬಂತು. ದನಿಯಿಲ್ಲದ ಅಳು, ಭುಜ ಮಾತ್ರ ಅಲುಗುತ್ತಿತ್ತು. ನಾನು ಆಕೆಯ ಬೆನ್ನ ಮೇಲೆ ಕೈ ಇಟ್ಟೆ. ಒಲೆಯ ಮೇಲೆ ಉಳಿದ ಚಹಾ ಉಕ್ಕಿ ಬೂದಿಗೆ ಬಿದ್ದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಕಾಕಿ ಸೆರಗಿನಿಂದ ಪರದೆ ಒರೆಸಿ ಫೋನು ಮರಳಿ ಕೊಟ್ಟಳು. "ಇದನ್ನ ತೆಗೀಬ್ಯಾಡ್ರಿ. ಇರ್ಲಿ. ಜೀವ ಇದ್ದಾಗ ಕಲಬುರ್ಗಿ ದಾಟಿ ಎಲ್ಲೂ ಹೋಗಿಲ್ಲ ಆ ಮನಿಶ್ಯಾ. ಈಗರ ನಾಕ್ ಊರು ತಿರುಗ್ಲಿ."

ಆಳಂದಕ್ಕೆ ಬಂದು ಆ ಎರಡು ದಿನದ ರೆಕಾರ್ಡಿಂಗನ್ನು ಅಳಿಸಿಹಾಕಿದೆ. ಪುಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಆದರೆ ಹೊಳೆದಂಡೆಯಲ್ಲಿ ಕಾಕಿಗೆ ನಾನು ಹೇಳಿದ ಮಾತು ನನ್ನನ್ನು ಬಿಡಲಿಲ್ಲ. ಬ್ಯಾಟರಿ, ಎತ್ತರ, ಶಾಖ, ಗಾಳಿ ಎಲ್ಲ ನಮ್ಮ ಕೋರ್ಸಿನಲ್ಲಿತ್ತು. ಹುಡುಕುವವನ ಹೆಗಲ ಹಿಂದೆ ಮನೆಯವರು ಬಂದು ನಿಲ್ಲುತ್ತಾರೆ, ಅವರು ಪರದೆ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕಾಗಿ ಒಂದು ಪಾಠ ಬರೆದೆ. ಕಾಕಾನ ಹೆಸರಿಲ್ಲ, ಹೊಳೆಯಿಲ್ಲ, ಚಿತ್ರವೂ ಇಲ್ಲ, ಬರೀ ಮಾತು. ಮನೆಯವರಿಗೆ ಕೂರಲು ಜಾಗ ಮಾಡಿ. ಸಾಧ್ಯವಾದರೆ ಪರದೆ ಅವರಿಗೆ ಕಾಣದ ಹಾಗೆ ಕೂರಿ. ಅವರ ಜೊತೆ ಒಬ್ಬರನ್ನು ನಿಲ್ಲಿಸಿ. ನೀರು ಕೊಡಿ.

ತೊಡಕಾದದ್ದು ಕೊನೆಯಲ್ಲಿ. ನಮ್ಮಲ್ಲಿ ಪ್ರತಿ ಪಾಠದ ಕೊನೆಗೂ ಒಂದು ಪ್ರಶ್ನೆ, ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ. ಪ್ರಶ್ನೆ ಬರೆದೆ: ಅವರು ಬದುಕಿದ್ದಾರೆಯೇ ಎಂದು ಮನೆಯವರು ಕೇಳಿದರೆ ಏನು ಹೇಳುವಿರಿ? ಉತ್ತರದ ಚೌಕಗಳ ಮುಂದೆ ಬಹಳ ದಿನ ಕೂತೆ. ಹೌದು ಎನ್ನುವುದು ಸುಳ್ಳು. ಇಲ್ಲ ಎನ್ನುವ ಅಧಿಕಾರ ನಮಗಿಲ್ಲ. ಗೊತ್ತಿಲ್ಲ ಎಂದರೆ ಎದುರಿಗಿರುವವಳು ಆ ಮಾತಿನಿಂದ ಏನು ಹಿಡಿದುಕೊಳ್ಳಬೇಕು? ನಾನು ಹೇಳಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೊನೆಗೆ ಪ್ರಶ್ನೆಯನ್ನೇ ತೆಗೆದುಹಾಕಿದೆ. ಪ್ರಶ್ನೆಯಿಲ್ಲದ ಪಾಠವನ್ನು ನಮ್ಮ ಸಾಫ್ಟ್‌ವೇರ್ ಮುಗಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಣೆಯವರೇ ಅದಕ್ಕೊಂದು ದಾರಿ ಮಾಡಿದರು. ಪಾಠದ ಕೆಳಗೆ "ಓದಿದೆ" ಎಂಬ ಒಂದು ಗುಂಡಿ ಇಟ್ಟರು.

ಆ ಪಾಠಕ್ಕೆ ದನಿ ಕೊಡಲು ಕೊಳಕೂರಿನ ಹುಡುಗಿಯನ್ನು ಕೇಳಿದ್ದೆ. ಅವರ ಹೊಲಕ್ಕೇ ಹೋಗಿದ್ದೆ. ತೊಗರಿ ಹೂವಿಗೆ ಬಂದಿತ್ತು. ಅವಳು ಔಷಧದ ಡ್ರೋನು ಇಳಿಸಿ, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿಕೊಂಡು ಬದುವಿನ ಮೇಲೆ ನನ್ನ ಪಕ್ಕ ಕೂತಳು.

"ಆಗೂದಿಲ್ಲ ಅಕ್ಕಾ," ಎಂದಳು. "ಬೆಳಿ ಮ್ಯಾಲ ಹಾರಸ್ತೇನಿ. ಕಂಟಿ ಮ್ಯಾಲ, ನೀರಿನ ಮ್ಯಾಲ ಇನ್ನ ಆಗೂದಿಲ್ಲ. ಮೊನ್ನಿ ಪೊಲೀಸ್ರು ಮತ್ತೊಮ್ಮಿ ಕರದ್ರು. ಯಾರೋ ಮುದುಕ ತಪ್ಪಿಸ್ಕೊಂಡಿದ್ದ. ಹೋಗಲಿಲ್ಲ. ಆಮ್ಯಾಲ ಅವ ತಾನ ಮನಿಗಿ ಬಂದನಂತ. ಆದ್ರೂ ನಾ ಹೋಗಲಿಲ್ಲ ಅಲ್ಲ."

"ನಿಂದೇನ್ ತಪ್ಪಿಲ್ಲ ಬೇ."

"ತಪ್ಪಿನ ಮಾತಲ್ಲ ಅಕ್ಕಾ. ನೀವು ಬಂದ್ರ ಛಲೋ ಅನಸ್ತದ. ಆದ್ರ ನಿಮ್ಮ ಮುಖ ನೋಡಿದ್ ಕೂಡ್ಲೇ ಅದು ಕಣ್ಮುಂದ ಬರ್ತದ."

ನನಗೂ ಹಾಗೆಯೇ ಆಗುತ್ತಿತ್ತು. ಅಂದು ಅವಳು ಊಟಕ್ಕೆ ಕರೆದಳು. ಕೆಲಸವಿದೆ ಎಂದು ಹೊರಟುಬಂದೆ. ಪಾಠಕ್ಕೆ ನಾನೇ ದನಿ ಕೊಟ್ಟೆ.

ಆಮೇಲೆ ಫೋನು ಕಡಿಮೆಯಾಯಿತು. ಜಗಳವೇನೂ ಇಲ್ಲ. ಸೀತನಿಯ ಕಾಲ ಬಂದು ಹೋಯಿತು, ಅವಳು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆ ಹುಡುಗಿ ಯಾಕೆ ಬರುತ್ತಿಲ್ಲ ಎಂದು ಅವ್ವ ಕೆಲವು ಸಲ ಕೇಳಿ, ಆಮೇಲೆ ಕೇಳುವುದು ಬಿಟ್ಟಳು.

ಈಚೆಗೆ ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಬೇರೊಂದು ಕೋರ್ಸಿನ ಕೆಲಸಕ್ಕೆ ಹೋಗಿದ್ದೆ. ಅವಳ ಕೈಯಲ್ಲಿ ರಿಪೇರಿಗೆ ತಂದ ಬ್ಯಾಟರಿಗಳ ಚೀಲ. ಒಂದೇ ಕಲ್ಲುಬೆಂಚಿನ ಮೇಲೆ ಕೂತೆವು. ಈ ಸಲದ ಮಳೆ, ತೊಗರಿಗೆ ಬಿದ್ದ ಹುಳ, ಅವಳ ಅಣ್ಣನಿಗೆ ನೋಡುತ್ತಿರುವ ಹೆಣ್ಣು, ಎಲ್ಲ ಮಾತಾಡಿದೆವು. ಕಾಕಾನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಬ್ಬರೂ ಅದನ್ನೇ ನೆನೆಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಕೊಳಕೂರಿನ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು, "ಬರ್ತೇನಿ ಅಕ್ಕಾ," ಎಂದಳು.

"ಹುಶಾರ್ ಹೋಗು," ಎಂದೆ.

ಕಿಟಕಿಯ ಪಕ್ಕ ಅವಳಿಗೆ ಜಾಗ ಸಿಕ್ಕಿತು. ಬಸ್ಸು ತಿರುಗುವವರೆಗೂ ನನ್ನ ಕಡೆ ನೋಡುತ್ತಿದ್ದಳು.